ಹೊಂದ್ಕೊಳ್ಳತ್ತೆ ಬಿಡಿ

ಸಂಜಯನಗರದಲ್ಲಿ ನಮ್ಮ ಮೇಲಿನ ಮನೆಯವರು, ಬೇಡ ಬೇಡ ಅಂದರೂ ನನ್ನ ಕಂಪ್ಯೂಟರಿನ ಪ್ರೊಸೆಸರ್ ಸ್ಪೀಡನ್ನು ಇದ್ದದ್ದಕ್ಕಿಂತ ಏರಿಸಿಟ್ಟರು. ಅವತ್ತಿನಿಂದ ಅದು ಟೈಪ್ ಮಾಡುತ್ತಿದ್ದಂತೆಯೇ ಕಾದು, ಪಟ್ ಅಂತ ಆಫ್ ಆಗುತ್ತಿತ್ತು. ಕರೆದರೆ ಪಂಚೆ ಎತ್ತಿಕಟ್ಟಿಕೊಂಡು ಬಂದು, ಮಗುವಿನ ಜ್ವರ ನೋಡುವವರ ಹಾಗೆ ಕಂಪ್ಯೂಟರಿನ ಡಬ್ಬದ ಮೇಲೆ ಅಂಗೈಯಿಟ್ಟು, "ಹೊಸ ಸ್ಪೀಡಲ್ವಾ, ಹೊಂದ್ಕೊಳ್ಳತ್ತೆ ಬಿಡಿ" ಅನ್ನುವರು. ಪ್ಲಗ್ಗು ಬದಲಿಸಿದರು, ಧೂಳು ಊದಿದರು, ನಮ್ಮ ಟೇಬಲ್ ಫ್ಯಾನನ್ನೇ ಅದರ ಕಡೆ ತಿರುಗಿಸಿದರು. ಸೆಕೆಯಲ್ಲಿ ಬೆಂದವರು ನಾವು. ಸ್ಪೀಡು ಮಾತ್ರ ಇಳಿಸಲಿಲ್ಲ, ಮಹಾನುಭಾವರು!

ಅರ್ಧ ಬರೆದ ವರದಿ ಮತ್ತೊಮ್ಮೆ ಹಾರಿಹೋದ ದಿನ ತಲೆಕೆಟ್ಟು, ಅವರಿಗೆ ಹೇಳದೆ ನಾನೇ ಸ್ಪೀಡನ್ನು ಮೊದಲಿನಷ್ಟಕ್ಕೆ ಇಳಿಸಿದೆ. ವಾರವಾದರೂ ಕಂಪ್ಯೂಟರ್ ಕೈಕೊಡಲಿಲ್ಲ.

ಅವರು ಬಂದು, ಡಬ್ಬ ಮುಟ್ಟಿ ನೋಡಿ, ಬೀಗಿದರು: "ನಾನ್ ಹೇಳ್ಲಿಲ್ವಾ? ಹೊಂದ್ಕೊಂಡ್ಬಿಡ್ತು! ಎಲ್ಲಿ, ನಿಮ್ಮನೆಯವರ ಲ್ಯಾಪ್‌ಟಾಪೂ ತನ್ನಿ."