ಉಲಿ ಅಲ್ಲ, ಉಲಿ!

ಹುಲಿಯೂರುದುರ್ಗದ ವಾಚನಾಲಯ ನೋಡಿಕೊಳ್ಳುತ್ತಿದ್ದವರು ಕನ್ನಡಕಕ್ಕೆ ಬಾಯಿಯ ಹಬೆ ಊದಿ, ಪಂಚೆಯ ತುದಿಯಲ್ಲಿ ಒರೆಸಿಕೊಳ್ಳದೆ ಯಾವ ಪುಸ್ತಕವನ್ನೂ ಮುಟ್ಟುತ್ತಿರಲಿಲ್ಲ. ಓದಲು ಬಾರದ ಮಕ್ಕಳಿಗೆ ಪುಸ್ತಕ ಮನೆಗೆ ಕೊಡುತ್ತಿರಲಿಲ್ಲ. ಆಗಷ್ಟೇ ಅಕ್ಷರ ಕೂಡಿಸಲು ಕಲಿತಿದ್ದ ನನಗೆ ಬಾಗಿಲ ಮೇಲಿನ ಬೋರ್ಡು ತೋರಿಸಿದರು.

"ಊರೆಸ್ರು ಓದವ್ವ, ಪುಸ್ತಕ ತಗಂಡೋಗು."

"ಉಲಿಯೂರುದುರ್ಗ," ಎಂದೆ. ನಮ್ಮ ಮನೆಯಲ್ಲಿ ಎಲ್ಲರೂ ಅನ್ನುತ್ತಿದ್ದದ್ದೇ ಹಾಗೆ.

"ಉಲಿ ಅಲ್ಲ ಕಣವ್ವ, ಉಲಿ!"

"ಉಲಿ."

"ಅಯ್ಯೋ, ಉಲಿ ಅಲ್ಲ, ಉಲಿ! ಒಟ್ಟೆಯಿಂದ ಉಸ್ರು ಬುಡು."

ಪೇಪರ್ ಓದುತ್ತಿದ್ದವರೊಬ್ಬರು ನಕ್ಕರು. "ಮೊದ್ಲು ನೀನ್ ಬುಡಣ್ಣ!"

ಪುಸ್ತಕ ಸಿಗುವುದಿಲ್ಲವೆಂದು ನನಗೆ ಅಳು ಬಂತು. ಅವರು ಕನ್ನಡಕ ತೆಗೆದು, ಗಾಜಿನ ಮೇಲೆ "ಹಾ" ಎಂದು ಊದಿ, ನನ್ನ ಬಾಯಿಯ ಹತ್ತಿರ ಹಿಡಿದರು. "ಇಂಗೆ."

ನಾನೂ ಊದಿದೆ. "ಹುಲಿ."

ಗಾಜು ಮಂಜಾಯಿತು. "ಆಂ, ಅದೇ ನಾನೇಳಿದ್ದು! ಉಲಿ!" ಎಂದು ಪುಸ್ತಕ ಒರೆಸಿ ಕೈಗಿಟ್ಟರು.

ಅದು ಯಾವ ಪುಸ್ತಕವೋ ಈಗ ನೆನಪಿಲ್ಲ. ಕೇಳಿದವರಿಗೆ ಒಮ್ಮೆ ಕಾಗೆಯದೆಂದಿದ್ದೇನೆ, ಒಮ್ಮೆ ಮೊಲದ್ದೆಂದಿದ್ದೇನೆ. ದಾರಿಯುದ್ದಕ್ಕೂ ಅದರಲ್ಲಿ 'ಹ' ಹುಡುಕುತ್ತಾ, ಸಿಕ್ಕ ಕಡೆಯಲ್ಲೆಲ್ಲ ಪುಟದ ಮೇಲೆ ಊದುತ್ತಾ ಮನೆಗೆ ಹೋದದ್ದಂತೂ ನಿಜವಿರಬೇಕು. ಈಗಲೂ ಓದುವಾಗ ಹಾಗೇ ಮಾಡುತ್ತೇನೆ.