ಅವ್ವನ ಕನ್ನಡಿ, ಅಪ್ಪನ ಸ್ಕೂಟರ್

ಹಳೆಯ ಸ್ಕೂಟರಿನ ಹೊಗೆ ಕಂಡೊಡನೆ ಮೂಗು ಮುಚ್ಚಿಕೊಳ್ಳುತ್ತೀರಲ್ಲ, ಮೊದಲು ಆ ಕೈ ತೆಗೆಯಿರಿ! ಇಂದು ಸಿದ್ಧೇಶ್ವರ ಗುಡಿಯ ಹತ್ತಿರ ಪೆಟ್ರೋಲಿನ ಜೊತೆ ಎಣ್ಣೆ ಸುಟ್ಟ ಆ ವಾಸನೆ ಬಡಿದದ್ದೇ ತಡ, ನಾನು ಚಿಕ್ಕಂದಿನ ತಿಕೋಟಾದ ನಮ್ಮ ಪಡಸಾಲೆಯಲ್ಲಿದ್ದೆ.

ಮಾರುವ ಸೀರೆಯ ಗಂಟು ಹೇರಿಕೊಂಡು ವಿಜಾಪುರದ ಸಂತೆಯಿಂದ ಬರುವಾಗ ಇಟ್ಟಂಗಿಹಾಳದ ಹತ್ತಿರದ ಏರಿನಲ್ಲಿ ಅಪ್ಪನ ಸ್ಕೂಟರ್ ಏದುಸಿರು ಬಿಡುತ್ತಿತ್ತು. ಪ್ರತಿ ಸಲ ಅವ್ವ ಇಳಿದು, ನೋಯುವ ಮೊಣಕಾಲಿನಲ್ಲೇ ನಡೆಯಬೇಕಿತ್ತು. ಎಂಜಿನ್ನಿನ ಮುಚ್ಚಳದಂಥ ಹೆಡ್ಡನ್ನು ತುಸು ಸವೆಸಿದರೆ ಜೋರು ಬರುತ್ತದೆಂದು ಅಪ್ಪ ಗೋಡೆಯ ಕನ್ನಡಿ ಇಳಿಸಿ, ಅದರ ಮೇಲೆ ಒರಟು ಪಾಲಿಶ್ ಪೇಪರ್ ಹಾಸಿ ಹೆಡ್ಡನ್ನು ತಿಕ್ಕಲು ಕೂತ.

"ಅದು ನನ್ನ ತವರಮನಿ ಕನ್ನಡಿರಿ!" ಅವ್ವ ಚೀರಿದಳು.

"ಮನ್ಯಾಗ ಇದರಷ್ಟು ಸಪಾಟ ಮತ್ತೇನೈತಿ, ನೀನ ಹೇಳು?"

ಬೈಯುತ್ತಲೇ ಅವ್ವ ತನ್ನ ಕಾಡಿಗೆ ಡಬ್ಬಿಯನ್ನೂ ತಂದಿಟ್ಟಳು. ಹೆಡ್ಡಿಗೆ ಕಾಡಿಗೆ ಬಳಿದು ತಿಕ್ಕಿದರೆ ತಗ್ಗಿದ್ದಲ್ಲಿ ಕಪ್ಪು ಉಳಿಯುತ್ತಿತ್ತು. ಅದನ್ನು ನೋಡಿ ಹೇಳುವುದು ನನ್ನ ಕೆಲಸ.

"ಯಪ್ಪಾ, ಈ ಮೂಲ್ಯಾಗ ಇನ್ನೂ ಕರಿ ಐತಿ!"

ಮುಂದಿನ ಸಂತೆಗೆ ಹೋಗಿ ಬರುವಾಗ ಅದೇ ಏರು ಬಂತು. ಅವ್ವ ರೂಢಿಯಂತೆ ಸೆರಗು ಸಿಕ್ಕಿಸಿದಳು.

"ಇಳಿಬ್ಯಾಡ, ಕುಂಡ್ರು," ಎಂದ ಅಪ್ಪ.

ಸ್ಕೂಟರ್ ಹತ್ತಿಯೇಬಿಟ್ಟಿತು. ಅಪ್ಪನ ಮುಂದೆ ಸ್ಕೂಟರಿನಲ್ಲೇ ನಿಂತಿದ್ದ ನನಗೆ ಹಿಂದಿನಿಂದ ಅವ್ವನ ನಗು ಕೇಳಿತು.

ಗೀರುಬಿದ್ದ ಆ ಕನ್ನಡಿಯಲ್ಲೇ ಇಂದಿಗೂ ತಲೆ ಬಾಚುತ್ತೇನೆ. ನಿಮ್ಮವ್ವ ಬೈಯುತ್ತಲೇ ತಂದುಕೊಟ್ಟದ್ದು ಏನು? ಈ ತಿಂಗಳು ಮುಗಿಯುವ ಮೊದಲು ಈ ಬರಹದ ಕೆಳಗೆ ಬರೆಯಿರಿ.