ಮೆಣಸಿನಕಾಯಿ ರಾಶಿಯ ಮುಂದೆ ಚಿಗವ್ವ

ಇವತ್ತು ಬೆಳಿಗ್ಗೆ ಬ್ಯಾಡಗಿಯಿಂದ ಒಂದು ಚೀಲ ಮೆಣಸಿನಕಾಯಿ ಬಂತು. ಚಿಕ್ಕ ಚೀಲವೇ. ಆದರೆ ರಾಣೆಬೆನ್ನೂರಿನ ಈ ಮನೆಯಲ್ಲಿ ಉಣ್ಣುವವನು ನಾನೊಬ್ಬನೇ, ಹೋದ ಸಲದ್ದೇ ಇನ್ನೂ ಡಬ್ಬಿಯಲ್ಲಿದೆ. ಬ್ಯಾಡಗಿ ಕಾಯಿ ನಿಮಗೆ ಗೊತ್ತಲ್ಲ, ನಾಲಿಗೆಗೆ ಅಷ್ಟೇನೂ ಖಾರವಲ್ಲ. ಮೂಗಿಗೆ ಮಾತ್ರ ಯಾವ ದಾಕ್ಷಿಣ್ಯವನ್ನೂ ತೋರಿಸುವುದಿಲ್ಲ. ಮನಸಾರೆ ಸೀನಿ, ಟವೆಲ್ಲನ್ನು ಮೂಗು ಬಾಯಿಗೆ ಬಿಗಿದುಕೊಂಡು ತೊಟ್ಟು ಬಿಡಿಸಲು ಕುಳಿತೆ. ಗೋಡೆಯ ಕನ್ನಡಿಯೊಳಗೆ ಬರೀ ಕಣ್ಣು ಕಾಣುವ ಒಬ್ಬ ಮುದುಕ ಕುಳಿತಿದ್ದ. ಅವನನ್ನು ನೋಡಿ ಚಿಗವ್ವ ನೆನಪಾದಳು.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ನಾನು ಆಡುವ ಮಾತಿನಲ್ಲಿ ಅರ್ಧ ಅವಳದೇ. ಸಂತೆಗೆ ಹೋಗಿ ಬದನೆಕಾಯಿ ತಂದದ್ದನ್ನು ಅವಳು ಹೇಳತೊಡಗಿದರೆ ಕೇಳುವವರ ತಾಟಿನ ಅನ್ನ ಆರಿಹೋಗುತ್ತಿತ್ತು. ಅವಳ ಗಂಡ, ನಮ್ಮ ಕಾಕಾ, ತೀರಿಕೊಂಡ ವರ್ಷ ಅವಳ ಮನಸ್ಸು ಕೆಟ್ಟಿತು. ನಿದ್ದೆ ಬಿಟ್ಟಳು, ಇಲ್ಲದವರ ಜೊತೆ ಮಾತಾಡತೊಡಗಿದಳು. ಆಗ ಡಾಕ್ಟರರು ಕೊಟ್ಟ ಒಂದು ಗುಳಿಗೆ ಅವಳನ್ನು ನಮಗೆ ಮರಳಿಸಿತು. ಆ ಉಪಕಾರಕ್ಕೋ ಏನೋ, ಗುಳಿಗೆಯನ್ನು ಮನೆಯ ಮಂದಿಯಂತೆಯೇ ಇಟ್ಟುಕೊಂಡೆವು. ಔಷಧದ ಅಂಗಡಿಯಲ್ಲಿ ಖಾಲಿ ಪಾಕೀಟು ತೋರಿಸುವುದು, ಹೊಸದು ತರುವುದು. ಇನ್ನೂ ಬೇಕೇ ಎಂದು ಯಾರೂ ಕೇಳಲಿಲ್ಲ. ವರ್ಷಗಳು ಹೋದವು.

ಆಮೇಲೆ ಅವಳ ಬಾಯಿ ತನ್ನಷ್ಟಕ್ಕೇ ಆಡತೊಡಗಿತು. ಏನೂ ಇಲ್ಲದೆ ಜಗಿಯುವುದು, ತುಟಿ ಚಪ್ಪರಿಸುವುದು, ನಾಲಿಗೆ ಹೊರಗಿಣುಕಿ ಒಳಗೆ ಹೋಗುವುದು. ಹಲ್ಲಿನ ಸೆಟ್ಟು ಸಡಿಲಾಗಿದೆ ಎಂದರು. ಹೊಸ ಸೆಟ್ಟು ಬಂತು, ಅದೂ ಬಾಯಿಯ ಜೊತೆ ಆಡಿತು. ವಯಸ್ಸಾಯಿತು ಎಂದರು. ಯಾರದೋ ನಿಶ್ಚಯದ ಊಟದಲ್ಲಿ ಪಕ್ಕದಲ್ಲಿದ್ದ ಬೀಗಿತ್ತಿಯೊಬ್ಬಳು, ಅದೇನು ತಿನ್ನುತ್ತಿದ್ದೀರಿ, ನಮಗೂ ಸ್ವಲ್ಪ ಕೊಡಿ ಎಂದಳಂತೆ. ಎಲ್ಲರೂ ನಕ್ಕರು, ಚಿಗವ್ವನೂ ನಕ್ಕಳು. ಅಂದಿನಿಂದ ಪಂಕ್ತಿಯಲ್ಲಿ ಉಣ್ಣುವುದನ್ನು ಬಿಟ್ಟಳು. ತಾಟು ಹಿಡಿದು ಹಿತ್ತಲಿಗೆ ಹೋಗುವಳು. ಮಾತೂ ಅವಳ ಹಿಂದೆಯೇ ಹಿತ್ತಲಿಗೆ ಹೋಯಿತು.

ಅವಳ ಮಗ ಶಿವಾನಂದನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಒಂದು ದಿನ ಅವನ ಫೋನು ಬಂತು.

"ಅಣ್ಣಾ, ಅವ್ವಗ ಮತ್ತ ತಲಿ ಕೆಟ್ಟೈತಿ. ಕೂಲಿಯವರ ಜೋಡಿ ಕುಂತು ತುಂಬು ಬಿಡಸಾಕತ್ತಾಳ."

ತುಂಬು ಎಂದರೆ ಕಾಯಿಯ ತೊಟ್ಟು. ಹೋಗಿ ನೋಡಿದೆ. ತಗಡಿನ ಶೆಡ್ಡು, ಕೆಂಪು ರಾಶಿ, ಸುತ್ತ ಹೆಂಗಸರು. ಘಾಟಿಗೆ ಎಲ್ಲರೂ ಮೂಗಿನವರೆಗೆ ಸೆರಗು ಬಿಗಿದುಕೊಂಡಿದ್ದರು. ನಾನು ಮಹಾ ಜಾಣನಂತೆ ಒಬ್ಬಳ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಏಳು ಚಿಗವ್ವಾ, ಮನೆಗೆ ಹೋಗೋಣ ಎಂದೆ. ಆಕೆ ಕಾಯಿ ಕೆಳಗಿಟ್ಟು, "ನಾ ನೀಲವ್ವ ಅದೀನ್ರೀ ಯಪ್ಪಾ. ಆದರೂ ಕರದೀರಿ, ನಡೀರಿ ಬರ್ತೀನಿ" ಎಂದಳು. ಶೆಡ್ಡೆಲ್ಲ ನಗು. ಆ ನಗುವಿನ ನಡುವೆಯೇ ಆಚೆ ಬದಿಯಿಂದ ಚಿಗವ್ವನ ದನಿ ಕೇಳಿತು. ಸಂತೆಯ ಬದನೆಕಾಯಿಯ ಕಥೆ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸದೆ ಅವಳು ಏಳಲಿಲ್ಲ. ಕೇಳುವವರ ಕೈಗಳು ನಿಧಾನವಾಗಿದ್ದವು.

ದಾರಿಯಲ್ಲಿ ಕೇಳಿದೆ, ಮನೆಯಲ್ಲಿ ಏನು ಕಡಿಮೆಯಾಗಿದೆ ಎಂದು.

"ಮನ್ಯಾಗ ನನ್ನ ಬಾಯಿ ನೋಡ್ತಾರೋ ತಮ್ಮಾ. ಇಲ್ಲೆ ನನ್ನ ಮಾತು ಕೇಳ್ತಾರ."

ಸೆರಗನ್ನು ಇನ್ನೂ ಸಡಿಲಿಸಿರಲಿಲ್ಲ. ಅದರೊಳಗೆ ಬಾಯಿ ಆಡುತ್ತಲೇ ಇತ್ತು.

ಹಾವೇರಿಗೆ, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಆ ಡಾಕ್ಟರಮ್ಮ ಹಲ್ಲಿನ ಸೆಟ್ಟು ತೆಗೆಸಿ, ಬಾಯಿ ತೆರೆಸಿ, ಬೆರಳು ಆಡಿಸಲು ಹೇಳಿ ಬಹಳ ಹೊತ್ತು ಸುಮ್ಮನೆ ನೋಡಿದರು. ನುಂಗುವಾಗ ಗಂಟಲಿಗೆ ಸಿಗುತ್ತದೆಯೇ, ನಡೆಯುವಾಗ ಹೆಜ್ಜೆ ತಪ್ಪುತ್ತದೆಯೇ ಎಂದು ವಿಚಾರಿಸಿದರು. ಹುಚ್ಚು ಮರಳಿಲ್ಲ, ವರ್ಷಗಟ್ಟಲೆ ನುಂಗಿದ ಗುಳಿಗೆಯಿಂದಲೇ ಇದು ಬಂದಿದೆ, ವಯಸ್ಸಾದವರಿಗೆ ಬೇಗ ಬರುತ್ತದೆ ಎಂದರು. ಶಿವಾನಂದ ಅಲ್ಲಿಯೇ ಗುಳಿಗೆಯನ್ನು ಬುಟ್ಟಿಗೆ ಎಸೆಯಲು ಹೊರಟ. ತಡೆದರು: ಒಮ್ಮೆಲೇ ಬಿಟ್ಟರೆ ಹಳೆಯ ಕಾಯಿಲೆ ಎದ್ದೀತು, ಬಾಯಿಯೂ ಹೆಚ್ಚಾದೀತು, ನಾನು ಹೇಳಿದ ಹಾಗೆ ಮೆಲ್ಲಗೆ ಇಳಿಸಿ ಬೇರೆಯದಕ್ಕೆ ಬದಲಾಯಿಸೋಣ. ಬಾಯಿಗೆಂದು ಇನ್ನೊಂದು ಗುಳಿಗೆ ಬರೆದರು. ಪೂರ್ತಿ ನಿಲ್ಲುತ್ತದೆಂದು ಮಾತು ಕೊಡಲಿಲ್ಲ. ಈ ಗುಳಿಗೆಯಿಂದ ಮನಸ್ಸು ಮಂಕಾಗಬಹುದು, ಹಾಗೆ ಕಂಡರೆ ಕೂಡಲೇ ತಿಳಿಸಿ ಎಂದು ಎರಡು ಸಲ ಹೇಳಿದರು.

ಬಾಯಿ ಮೆಲ್ಲಮೆಲ್ಲಗೆ ತಣ್ಣಗಾಯಿತು. ಪೂರ್ತಿಯಲ್ಲ, ಗೊತ್ತಿದ್ದವರಿಗಷ್ಟೇ ಕಾಣುವಷ್ಟು ಉಳಿಯಿತು. ಚಿಗವ್ವ ಪಂಕ್ತಿಗೆ ಮರಳಿದಳು. ಶಿವಾನಂದನಿಗೆ ಖುಷಿಯೋ ಖುಷಿ. ಬಾಯಿ ನೆಟ್ಟಗಾಯಿತಲ್ಲ, ಇನ್ನು ಆ ಘಾಟಿನಲ್ಲಿ ಯಾಕೆ ಕೂಡುತ್ತೀ ಎಂದು ಪಡಸಾಲೆಯಲ್ಲಿ ಮೆತ್ತನೆಯ ಕುರ್ಚಿ ಹಾಕಿಸಿ, ಎದುರಿಗೆ ದೊಡ್ಡ ಟಿವಿ ಇಡಿಸಿದ. ಪ್ರೀತಿಯಿಂದಲೇ ಮಾಡಿದ, ಅದರಲ್ಲಿ ಸಂಶಯವಿಲ್ಲ. ಅವಳು ಕುಳಿತಳು. ಕುಳಿತೇ ಇದ್ದಳು. ಮಂಕಾಗಿದ್ದಾಳೆಂದು ನಾವೇ ಮತ್ತೆ ಹಾವೇರಿಗೆ ಕರೆದೊಯ್ದೆವು; ಡಾಕ್ಟರಮ್ಮ ಗುಳಿಗೆ ಕಡಿಮೆ ಮಾಡಿದರು, ನಿದ್ದೆಗಣ್ಣು ಹೋಯಿತು. ಮಾತು ಮಾತ್ರ ಬರಲಿಲ್ಲ. ಅದನ್ನು ಗುಳಿಗೆಯ ಲೆಕ್ಕಕ್ಕೆ ಹಾಕಲು ಇನ್ನು ಬರುತ್ತಿರಲಿಲ್ಲ.

ನೋಡಿ, ಇಷ್ಟು ಹೇಳುವುದರಲ್ಲಿ ಒಂದು ಹಿಡಿ ಕಾಯಿ ಬಿಡಿಸಿದ್ದೇನೆ. ಇಷ್ಟನ್ನೂ ನಾನು ಹೇಳುತ್ತಿರುವುದು ಟವೆಲ್ಲಿನೊಳಗಿಂದ, ಗೋಡೆಗೆ. ಕೈ ಒರೆಸಿಕೊಂಡು ಚಿಗವ್ವನಿಗೆ ಫೋನು ಹಚ್ಚಿದೆ. ಬಾಯಿ ಹೇಗಿದೆ ಎಂದು ಕೇಳಿದೆ.

"ಅಡ್ಡಿಯಿಲ್ಲ. ಮಾತಾಡಾಕ ಯಾರೂ ಇಲ್ಲ ಅಷ್ಟ."

"ಚಿಗವ್ವಾ, ಶಿವಾನಂದ ತುಂಬು ಸಮೇತ ಕಾಯಿ ಕಳಸ್ಯಾನ. ನನಗ ಬಿಡಸಾಕ ಬರವಲ್ದು."

ಅತ್ತ ಟಿವಿಯ ಸದ್ದು ಕೇಳುತ್ತಿತ್ತು. ಅವಳು ಅದನ್ನು ಆರಿಸಿದಳು.

"ಜಗ್ಗಾಕತ್ತಿ ಏನ? ಬೀಜಾ ಎಲ್ಲಾ ಚೆಲ್ಲಿರ್ತಾವ."

"ಚೆಲ್ಲ್ಯಾವ."

"ಹಾಳ ಮಾಡಬ್ಯಾಡ. ಚೀಲಾ ತಗೊಂಡು ಇಲ್ಲೆ ಬಾ."

ಶಿವಾನಂದ ಏನಾದರೂ ಅಂದರೆ ಎಂದು ಕೇಳಿದೆ. ನಿನ್ನಂಥ ದಡ್ಡನಿಗೆ ಕಲಿಸುತ್ತಿದ್ದೇನೆ ಎಂದು ಹೇಳುತ್ತೇನೆ ಬಿಡು ಎಂದಳು. ಫೋನು ಇಡುವಷ್ಟರಲ್ಲಿ ಮತ್ತೆ ಕರೆದಳು.

"ಬರೂ ಮುಂದ ಶೆಡ್ಡಿಗೆ ಹೋಗಿ ನೀಲವ್ವನ್ನೂ ಕರಕೊಂಡು ಬಾ. ಗುರುತು ಸಿಗತೈತಲ್ಲ ಈ ಸಲ?"

ಚೀಲದ ಬಾಯಿ ಕಟ್ಟಿದೆ. ಮಧ್ಯಾಹ್ನದ ಗಾಡಿ ಸಿಕ್ಕರೆ ಸಂಜೆಯೊಳಗೆ ಬ್ಯಾಡಗಿಯಲ್ಲಿರುತ್ತೇನೆ. ಬಿಡಿಸಿಟ್ಟಿದ್ದ ಆ ಒಂದು ಹಿಡಿಯನ್ನು ಮಾತ್ರ ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟೆ. ಒಂದು ಬೀಜವೂ ಚೆಲ್ಲಿರಲಿಲ್ಲ. ಚಿಗವ್ವನ ಕಣ್ಣಿಗೆ ಬಿದ್ದರೆ ಕಷ್ಟ.